ಯಾವ ಕಲಮು, ಯಾರ ಸಹಿ, ಯಾವ ತಾರೀಕು?

ಈ ತಿಂಗಳು ಕಾನೂನು ವಿಭಾಗಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಡಿನವು. ಅಧಿಕಾರಿಯೊಬ್ಬರು ಬಂದು ‘ಬಿಟ್ಟು ಏಳಿ’, ‘ಸ್ಟೇಷನ್ನಿಗೆ ಬನ್ನಿ’, ‘ಇಲ್ಲಿ ಸೇರಬೇಡಿ’, ‘ಇಷ್ಟು ಕಟ್ಟಿ’ ಅಂದಿದ್ದಾರೆ. ಅವರಿಗೆ ಆ ಅಧಿಕಾರ ಇದೆಯೇ ಎಂಬುದು ಓದುಗರ ಪ್ರಶ್ನೆ. ಕಾನೂನು ಬೇಡ ಅನ್ನದ್ದನ್ನೆಲ್ಲ ನಾವು ನೀವು ಮಾಡಬಹುದು. ಸರ್ಕಾರದ ಮಟ್ಟಿಗೆ ಇದು ತಿರುಗುಮುರುಗು: ಕಾನೂನು ಕೊಟ್ಟಷ್ಟು ಅಧಿಕಾರವೇ ಅದಕ್ಕಿರುವುದು. ಅಷ್ಟನ್ನೂ ಬರಹದಲ್ಲಿ, ಕಾರಣ ಹೇಳಿ, ನಿಮ್ಮ ಮಾತು ಕೇಳಿಯೇ ಚಲಾಯಿಸಬೇಕು. ಹಾಗಾಗಿ ಯಾರೇ ಬಂದರೂ ಮೊದಲು ಕೇಳಬೇಕಾದದ್ದು ಮೂರು: ಯಾವ ಕಲಮಿನಡಿ, ಯಾರ ಸಹಿಯ ಆದೇಶ, ಯಾವ ತಾರೀಕಿನದು.

ಪ್ರಶ್ನೆ: ನಮ್ಮ 2 ಎಕರೆ 10 ಗುಂಟೆಗೆ ಕೆಐಎಡಿಬಿ ಕಾಯ್ದೆಯಡಿ ನೋಟಿಸ್ ಬಂದಿದೆ. ಪಹಣಿಯ 11ನೇ ಕಾಲಂನಲ್ಲೂ ನಮೂದಾಗಿದೆ. ಊರಲ್ಲಿ ಕೆಲವರು ‘ಇನ್ನು ಜಮೀನು ಸರ್ಕಾರದ್ದೇ, ಕೊಟ್ಟಷ್ಟು ದುಡ್ಡು ತಗೊಂಡು ಸುಮ್ಮನಾಗಿ’ ಅನ್ನುತ್ತಿದ್ದಾರೆ. ನಿಜವೇ? (ರೈತರೊಬ್ಬರು, ದೊಡ್ಡಬಳ್ಳಾಪುರ ತಾಲೂಕು)

ಉತ್ತರ: ಇಲ್ಲ. ನೋಟಿಸಿನಲ್ಲಿ ಕಲಮು ಯಾವುದು ಎಂದು ಮೊದಲು ನೋಡಿ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1) ಎಂದಿದ್ದರೆ ಅದು ಪ್ರಾಥಮಿಕ ಅಧಿಸೂಚನೆ. ‘ಈ ಜಮೀನು ನಮಗೆ ಬೇಕಾಗಿದೆ’ ಎಂದು ಸರ್ಕಾರ ಹೇಳಿದೆ, ಅಷ್ಟೇ. ಪಹಣಿಯ 11ನೇ ಕಾಲಂ ಹಕ್ಕು ಮತ್ತು ಋಣಗಳದ್ದು. ಅಲ್ಲಿ ನಮೂದಾದ ಮೇಲೆ ಬ್ಯಾಂಕು ಸಾಲ ಕೊಡಲು, ಕೊಳ್ಳುವವರು ಮುಂದೆ ಬರಲು ಹಿಂಜರಿಯುತ್ತಾರೆ. ಆದರೆ 9ನೇ ಕಾಲಂನಲ್ಲಿ ಮಾಲೀಕರಾಗಿ ನಿಮ್ಮ ಹೆಸರು ಇನ್ನೂ ಇರುತ್ತದೆ. ಜಮೀನು ಸರ್ಕಾರದಲ್ಲಿ ನಿಹಿತವಾಗುವುದು, ಅಂದರೆ ಸರ್ಕಾರದ್ದಾಗುವುದು, 28(4)ರ ಅಂತಿಮ ಅಧಿಸೂಚನೆ ಗೆಜೆಟ್‌ನಲ್ಲಿ ಬಂದ ಮೇಲೆ, 28(5)ರ ಪ್ರಕಾರ.

ಈ ಎರಡರ ನಡುವೆ ಇರುವ ಮೆಟ್ಟಿಲೇ ನಿಮ್ಮದು. 28(2)ರಡಿ ನಿಮಗೆ ಪ್ರತ್ಯೇಕ ನೋಟಿಸ್ ಕೊಡಬೇಕು. ಅದು ಕೈಸೇರಿದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಹಾಕಬಹುದು. 28(3)ರಡಿ ನಿಮ್ಮ ಅಹವಾಲು ಕೇಳಿದ ಮೇಲೆಯೇ ಆದೇಶ ಮಾಡಬೇಕು. ಬಹಳಷ್ಟು ರೈತರು ಜಾರುವುದು ಇಲ್ಲೇ. ಊರಿನವರೆಲ್ಲ ಸೇರಿ ಒಂದೇ ಮನವಿಗೆ ಹೆಬ್ಬೆಟ್ಟು ಒತ್ತಿ ಶಾಸಕರ ಕೈಗೆ ಕೊಟ್ಟು ಬರುತ್ತಾರೆ. ಕಾಯ್ದೆಯ ಕಣ್ಣಿಗೆ ಅದು ಆಕ್ಷೇಪಣೆಯೇ ಅಲ್ಲ. ಪ್ರತಿ ಸರ್ವೆ ನಂಬರಿಗೂ ಬೇರೆ ಅರ್ಜಿ ಬರೆದು ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಗೇ ಕೊಡಿ. ಜಮೀನಿನಲ್ಲಿ ಕೊಳವೆಬಾವಿ, ತೆಂಗು, ಮಾವು, ರೇಷ್ಮೆ ಹುಳು ಸಾಕುವ ಮನೆ ಏನೇನಿದೆ, ಎಷ್ಟೆಷ್ಟಿದೆ ಎಂದು ಲೆಕ್ಕ ಕೊಟ್ಟು ಫೋಟೋ ಲಗತ್ತಿಸಿ. ಪಕ್ಕದಲ್ಲಿ ಈಗಾಗಲೇ ವಶಪಡಿಸಿಕೊಂಡು ಖಾಲಿ ಬಿಟ್ಟಿರುವ ಕೈಗಾರಿಕಾ ಜಾಗ ಇದ್ದರೆ ಅದರ ಸರ್ವೆ ನಂಬರನ್ನೂ ಬರೆಯಿರಿ. ಟಪಾಲು ಶಾಖೆಯಲ್ಲಿ ಮೊಹರು ಮತ್ತು ತಾರೀಕು ಹಾಕಿಸಿಕೊಂಡ ಪ್ರತಿ ನಿಮ್ಮ ಕೈಯಲ್ಲಿರಲಿ. ನೋಟಿಸ್ ಬಂದ ಲಕೋಟೆಯನ್ನೂ ಎಸೆಯಬೇಡಿ. 30 ದಿನ ಯಾವತ್ತಿನಿಂದ ಎಂಬುದಕ್ಕೆ ಅದರ ಮೇಲಿನ ಅಂಚೆ ಮೊಹರೇ ಸಾಕ್ಷಿ.

ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಆದರೆ ಸಂವಿಧಾನದ 300ಎ ವಿಧಿಯಲ್ಲಿ ಅದು ಉಳಿದಿದೆ: ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಒಂದು ಸಾಲಿನೊಳಗೆ ಏಳು ಸಂಗತಿ ಅಡಗಿವೆ ಎಂದಿತು. ಮುಂಚಿತ ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು, ಕಾರಣ ಬರೆದ ತೀರ್ಮಾನ ಇರಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕೆಲಸ ಚುರುಕಾಗಿ ಸಾಗಬೇಕು, ಕೊನೆಗೆ ಅದು ಮುಕ್ತಾಯವಾಗಬೇಕು. ದುಡ್ಡು ಕೊಟ್ಟುಬಿಟ್ಟರೆ ಮುಗಿಯಿತು ಎನ್ನುವ ಹಳೆಯ ವಾದಕ್ಕೆ ಇದರಿಂದ ಪೆಟ್ಟು ಬಿದ್ದಿದೆ.

ಚುರುಕು ಎಂಬುದು ಅಲಂಕಾರದ ಮಾತಲ್ಲ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯನ್ನೇ ನೋಡಿ. ಪ್ರಾಥಮಿಕ ಅಧಿಸೂಚನೆ 2003ರಲ್ಲಿ, ಸ್ವಾಧೀನ 2005ರಲ್ಲಿ. ಪರಿಹಾರ ಎಷ್ಟೆಂದು ಹೇಳುವ ಐತೀರ್ಪು ಹೊರಬಿದ್ದದ್ದು 2019ರ ಏಪ್ರಿಲ್ 22ಕ್ಕೆ. ಅಷ್ಟು ವರ್ಷ ಜಮೀನೂ ಇಲ್ಲ, ದುಡ್ಡೂ ಇಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, ಆ ಮಾಲೀಕರಿಗೆ ಹಳೆಯ ದರದಲ್ಲಲ್ಲ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಲ್ಲಿ ಪರಿಹಾರ ಲೆಕ್ಕ ಹಾಕಿ ಎಂದು ಆದೇಶಿಸಿತು. ತಡ ಮಾಡಿದ್ದು ಸರ್ಕಾರ. ಅದರ ನಷ್ಟವನ್ನು ರೈತನ ತಲೆಗೆ ಕಟ್ಟುವುದು ಯಾವ ನ್ಯಾಯ?

ಪರಿಹಾರದ ಹಂತದಲ್ಲಿ ಎರಡು ಕಡೆ ಎಚ್ಚರ ಬೇಕು. ‘ಒಪ್ಪಂದದ ದರ’ ಎಂಬ ಪತ್ರ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. 29(2)ರಡಿ ಒಪ್ಪಂದ ಮಾಡಿಕೊಂಡರೆ ದರ ಹೆಚ್ಚಿಸಿ ಎಂದು ನ್ಯಾಯಾಲಯಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಒಪ್ಪದೆಯೇ ಹಣ ಪಡೆಯುವುದಾದರೆ ರಸೀದಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಕೈಯಾರೆ ಬರೆದು ಸಹಿ ಮಾಡಿ. ಆ ಒಂದು ಸಾಲು ಇಲ್ಲದ್ದಕ್ಕೆ ಹೆಚ್ಚುವರಿ ಪರಿಹಾರದ ಅರ್ಜಿಗಳು ಬಿದ್ದುಹೋಗಿವೆ.

ಜನ ಗಟ್ಟಿಯಾಗಿ ನಿಂತರೆ ಸರ್ಕಾರ ಹಿಂದೆ ಸರಿಯುವುದೂ ಉಂಟು. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ 2025ರ ಜುಲೈ 15ರಂದು ಘೋಷಿಸಿದರು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತಿದ್ದರು. ಆದರೆ ಎಲ್ಲೇ ಆಗಲಿ, ಬಾಯಿಮಾತಿನ ಘೋಷಣೆಯಿಂದ ಪಹಣಿ ಬದಲಾಗುವುದಿಲ್ಲ. ಅಧಿಸೂಚನೆ ಬಂದದ್ದು ಗೆಜೆಟ್‌ನಲ್ಲಿ, ಹೋಗಬೇಕಾದದ್ದೂ ಗೆಜೆಟ್‌ನಲ್ಲಿ. 11ನೇ ಕಾಲಂ ಖಾಲಿಯಾದ ಪಹಣಿ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ಪ್ರಶ್ನೆ: ಪುರಸಭೆಯವರು ಬಂದು ನಮ್ಮ ಮನೆಯ ಮುಂದಿನ ಗೋಡೆಗೆ ಕೆಂಪು ಬಣ್ಣದಲ್ಲಿ ಗೀಟು ಎಳೆದು, ‘ಮೂರು ದಿನದಲ್ಲಿ ಜೆಸಿಬಿ ಬರುತ್ತದೆ’ ಎಂದು ಹೇಳಿ ಹೋದರು. ಕಾಗದ ಏನೂ ಕೊಟ್ಟಿಲ್ಲ. (ಗೃಹಿಣಿ, ಹಾವೇರಿ ಜಿಲ್ಲೆ)

ಉತ್ತರ: ಗೀಟು ನೋಟಿಸ್ ಅಲ್ಲ ತಾಯಿ. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಸುಪ್ರೀಂ ಕೋರ್ಟ್ ಪೀಠ ಇಡೀ ದೇಶಕ್ಕೆ ಅನ್ವಯಿಸುವಂತೆ ನಿರ್ದೇಶನ ಕೊಟ್ಟಿದೆ. ಅದರ ಪ್ರಕಾರ ಕಾರಣ ಕೇಳುವ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಕಟ್ಟಡದ ಮೇಲೂ ಎದ್ದು ಕಾಣುವಂತೆ ಅಂಟಿಸಬೇಕು. ಉತ್ತರಿಸಲು ಸ್ಥಳೀಯ ಕಾಯ್ದೆ ಹೇಳಿದಷ್ಟು ದಿನ ಅಥವಾ ನೋಟಿಸ್ ತಲುಪಿದ ಮೇಲೆ 15 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಮಯ ಇರಬೇಕು. ಯಾವ ಭಾಗ ಅಕ್ರಮ, ಯಾವ ನಿಯಮ ಮುರಿದಿದೆ, ಯಾವ ದಾಖಲೆ ತರಬೇಕು, ವಿಚಾರಣೆ ಯಾವತ್ತು, ಯಾರ ಮುಂದೆ ಎಂಬುದೆಲ್ಲ ಅದರಲ್ಲೇ ಬರೆದಿರಬೇಕು. ಹಿಂದಿನ ತಾರೀಕು ಹಾಕಿ ನೋಟಿಸ್ ಹುಟ್ಟಿಸುವ ಚಾಳಿಗೆ ಕಡಿವಾಣ ಹಾಕಲು, ನೋಟಿಸ್ ಕೊಟ್ಟ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇ-ಮೇಲ್ ಹೋಗಬೇಕು, ಅಲ್ಲಿಂದ ತಾನಾಗಿಯೇ ಸ್ವೀಕೃತಿ ಬರಬೇಕು ಎಂದೂ ಪೀಠ ಹೇಳಿದೆ.

ವಿಚಾರಣೆಯಲ್ಲಿ ನೀವು ಹೇಳಿದ್ದನ್ನು ದಾಖಲಿಸಬೇಕು. ಕೊನೆಯ ಆದೇಶದಲ್ಲಿ ದಂಡ ಕಟ್ಟಿಸಿ ಸಕ್ರಮ ಮಾಡಲು ಯಾಕೆ ಬರುವುದಿಲ್ಲ, ಒಂದು ಭಾಗ ಮಾತ್ರ ತೆಗೆದರೆ ಯಾಕೆ ಸಾಲದು, ಒಡೆಯುವುದೊಂದೇ ದಾರಿ ಹೇಗೆ ಎಂಬುದಕ್ಕೆ ಕಾರಣ ಇರಬೇಕು. ಆದೇಶ ಕೈಸೇರಿದ ಮೇಲೆ ಮತ್ತೆ 15 ದಿನ ಮುಟ್ಟುವಂತಿಲ್ಲ. ಆ ಅವಧಿಯಲ್ಲಿ ನೀವು ಮೇಲ್ಮನವಿ ಹೋಗಬಹುದು, ಇಲ್ಲವೇ ನೀವೇ ತೆಗೆಸಬಹುದು. ಒಡೆಯುವಾಗ ವಿಡಿಯೊ ಆಗಬೇಕು. ಇದನ್ನೆಲ್ಲ ಮೀರಿ ಒಡೆದರೆ ಅಧಿಕಾರಿಗಳು ತಮ್ಮ ಕೈಯಿಂದಲೇ ಖರ್ಚು ಹಾಕಿ ಮೊದಲಿನಂತೆ ಕಟ್ಟಿಸಿಕೊಡಬೇಕು, ನಷ್ಟವನ್ನೂ ತುಂಬಬೇಕು.

ನೀವು ಈಗ, ಇವತ್ತೇ ಮಾಡಬೇಕಾದದ್ದು: ಮುಖ್ಯಾಧಿಕಾರಿಗೆ ಒಂದು ಪುಟದ ಪತ್ರ. ‘ಇಂಥ ದಿನ, ಇಷ್ಟು ಹೊತ್ತಿಗೆ ಸಿಬ್ಬಂದಿ ಬಂದು ಗುರುತು ಹಾಕಿದ್ದಾರೆ. ನನಗೆ ಯಾವ ನೋಟಿಸೂ ತಲುಪಿಲ್ಲ. ಇದ್ದರೆ ಅದರ ಪ್ರತಿ ಮತ್ತು ಅಳತೆ ನಕ್ಷೆ ಕೊಡಿ’ ಎಂದು ಬರೆದು ಜಿಲ್ಲಾಧಿಕಾರಿಗೂ ಒಂದು ಪ್ರತಿ ಕಳಿಸಿ. ಖಾತೆ, ಕಂದಾಯದ ರಸೀದಿ, ಪರವಾನಗಿ ನಕ್ಷೆ, ಕರೆಂಟ್ ಬಿಲ್ಲು ಒಂದೇ ಫೈಲಿನಲ್ಲಿರಲಿ. ಗೋಡೆಯಿಂದ ರಸ್ತೆಯ ನಡುವಿನವರೆಗೆ ಟೇಪು ಹಿಡಿದು ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಜೆಸಿಬಿ ಬಂದ ದಿನ ಅಳತೆಯ ವಾದ ಮಾಡಲು ಆಗುವುದಿಲ್ಲ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಆ ಗೋಡೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಅಂಚು, ನದಿ ಅಥವಾ ಕೆರೆಯಂಥ ಸಾರ್ವಜನಿಕ ಜಾಗದಲ್ಲಿದ್ದರೆ ಈ ನಿರ್ದೇಶನದ ರಕ್ಷಣೆ ಸಿಗುವುದಿಲ್ಲ. ನ್ಯಾಯಾಲಯವೇ ಒಡೆಯಲು ಹೇಳಿದ್ದರೂ ಅಷ್ಟೇ. ಇದು ಸರಿಯಾದ ವಿನಾಯಿತಿ ಎಂದೇ ನಮ್ಮ ಅಭಿಪ್ರಾಯ. ರಾಜಕಾಲುವೆಯ ಮೇಲೆ ಒಬ್ಬರು ಗೋಡೆ ಎಬ್ಬಿಸಿದರೆ ಮಳೆಗಾಲದಲ್ಲಿ ನೀರು ನುಗ್ಗುವುದು ಹತ್ತು ಮನೆಗೆ. ಅದನ್ನು ತೆರವು ಮಾಡಿಸುವುದು ಸರ್ಕಾರದ ಅಧಿಕಾರ ಮಾತ್ರವಲ್ಲ, ಕರ್ತವ್ಯ ಕೂಡ.

ಪ್ರಶ್ನೆ: ಠಾಣೆಯಿಂದ ವಾಟ್ಸಾಪ್‌ನಲ್ಲಿ ‘ನಾಳೆ 10 ಗಂಟೆಗೆ ವಿಚಾರಣೆಗೆ ಹಾಜರಾಗಿ’ ಎಂದು ನನಗೂ 68 ವರ್ಷದ ನಮ್ಮ ತಂದೆಗೂ ಮೆಸೇಜ್ ಬಂದಿದೆ. ಹೋಗದಿದ್ದರೆ ಬಂಧಿಸುತ್ತಾರಾ? (ಅಂಗಡಿ ಮಾಲೀಕರು, ತುಮಕೂರು)

ಉತ್ತರ: ನಿಮ್ಮನ್ನು ಕರೆದಿರುವುದು ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮೆಸೇಜಿನಲ್ಲಿ ಅದು ಸ್ಪಷ್ಟವಿಲ್ಲದಿದ್ದರೆ ಅಪರಾಧ ಸಂಖ್ಯೆ ಮತ್ತು ಕಲಮು ಕೇಳಿ ಉತ್ತರ ಬರೆಯಿರಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಇದರ 179ನೇ ಕಲಮಿನಡಿ ಸಾಕ್ಷಿಗಳನ್ನು ಬರಹದ ಆದೇಶದಿಂದ ಕರೆಸಬಹುದು. ಆದರೆ 60 ವರ್ಷ ದಾಟಿದ ಅಥವಾ 15 ವರ್ಷ ತುಂಬದ ಗಂಡಸರನ್ನು, ಯಾವುದೇ ವಯಸ್ಸಿನ ಹೆಂಗಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಬರಲೇಬೇಕು ಎನ್ನುವಂತಿಲ್ಲ. ನಿಮ್ಮ ತಂದೆಯವರು ಸಾಕ್ಷಿಯಾದರೆ ಪೊಲೀಸರೇ ಮನೆಗೆ ಬರಬೇಕು.

ಆರೋಪಿಯಾಗಿ ಕರೆದಿದ್ದರೆ 35(3)ರ ನೋಟಿಸ್ ಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಈ ನೋಟಿಸನ್ನು ಕಾನೂನು ಹೇಳಿದ ರೀತಿಯಲ್ಲೇ ತಲುಪಿಸಬೇಕು, ವಾಟ್ಸಾಪ್ ಅದಕ್ಕೆ ಬದಲಿಯಲ್ಲ ಎಂದಿದೆ. ಹಾಗೆಂದು ಮೆಸೇಜನ್ನು ಕಡೆಗಣಿಸಿ ಮನೆಯಲ್ಲಿ ಕೂರುವುದು ಜಾಣತನವಲ್ಲ. ‘ಮೆಸೇಜ್ ನೋಡಿದ್ದೇನೆ. ಸಹಿಯಿರುವ ನೋಟಿಸ್ ಕೊಟ್ಟರೆ ಹಾಜರಾಗಲು ಸಿದ್ಧ’ ಎಂದು ಬರೆದು ಠಾಣೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ. ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಮಾತಿಗೆ ಆಗ ಆಸ್ಪದ ಇರುವುದಿಲ್ಲ. ನೋಟಿಸ್ ಬಂದ ಮೇಲೆ ಹೋಗದಿದ್ದರೆ ಮಾತ್ರ 35(6)ರಡಿ ಬಂಧನಕ್ಕೆ ದಾರಿಯಾಗುತ್ತದೆ. ಹೋಗಿ ಹಾಜರಾಗುತ್ತಿದ್ದರೆ, ಬಂಧನ ಯಾಕೆ ಬೇಕೆಂದು ಕಾರಣ ಬರೆಯದೆ ಬಂಧಿಸುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದಲೂ ಇದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ವ್ಯಕ್ತಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಇದು 35(7), ಹೊಸದಾಗಿ ಸೇರಿದ್ದು. ನಿಮ್ಮ ತಂದೆಯವರಿಗೆ ನೇರವಾಗಿ ಸಂಬಂಧಿಸಿದ್ದು.

ಬಂಧನವೇ ಆಗಿಬಿಟ್ಟರೆ ಮನೆಯವರು ಮೂರು ಕಾಗದದ ಬೆನ್ನು ಹತ್ತಬೇಕು. ಮೊದಲನೆಯದು ಬಂಧನದ ಮೆಮೊ. ಅದರಲ್ಲಿ ಗಂಟೆ, ತಾರೀಕು, ಮನೆಯವರೋ ಊರಿನವರೋ ಒಬ್ಬ ಸಾಕ್ಷಿಯ ಸಹಿ ಇರಬೇಕು. ಎರಡನೆಯದು ಬಂಧನದ ಕಾರಣ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ. ಬಂಧಿಸಿದ ಕ್ಷಣದಲ್ಲಿ ಬರೆದುಕೊಡಲು ಆಗದಿದ್ದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರನೆಯದು ಎಫ್‌ಐಆರ್ ಪ್ರತಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಸಾಮಾನ್ಯವಾಗಿ ಆಟ ನಡೆಯುವುದು ಈ 24 ಗಂಟೆಯ ಲೆಕ್ಕದಲ್ಲೇ. ಸೋಮವಾರ ಬೆಳಿಗ್ಗೆ ಕರೆದೊಯ್ದು ಕೂರಿಸಿಕೊಂಡು, ಮೆಮೊದಲ್ಲಿ ಮಂಗಳವಾರ ಸಂಜೆ ಎಂದು ಬರೆಯುವುದುಂಟು. ಕರೆದೊಯ್ದ ಗಂಟೆಯಲ್ಲೇ 112ಕ್ಕೆ ಫೋನ್ ಮಾಡಿಯೋ, ವರಿಷ್ಠಾಧಿಕಾರಿಯ ಕಚೇರಿಗೆ ಇ-ಮೇಲ್ ಕಳಿಸಿಯೋ ಒಂದು ಗುರುತು ಉಳಿಸಿಕೊಳ್ಳಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಬಂಧಿತನೇ ‘ನನ್ನನ್ನು ಕರೆತಂದದ್ದು ಇಂಥ ಹೊತ್ತಿಗೆ’ ಎಂದು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎನ್ನುವವರು ವಂಚಕರು. ನಮ್ಮ ಯಾವ ಕಾನೂನಿನಲ್ಲೂ ಅಂಥದ್ದಿಲ್ಲ. ಕರೆ ಕಡಿದು 1930ಕ್ಕೆ ದೂರು ಕೊಡಿ.

ಪ್ರಶ್ನೆ: ರಾತ್ರಿ ಗಾಡಿ ತಡೆದ ಪೊಲೀಸರು ನನ್ನ ಮೊಬೈಲ್ ಲಾಕ್ ತೆಗೆಸಿ ಚಾಟ್ ನೋಡಿದರು. ಹೀಗೆ ನೋಡಬಹುದೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಡಿಎಲ್, ಆರ್‌ಸಿ ತೋರಿಸಿ ಎನ್ನಬಹುದು. ಡಿಜಿಲಾಕರ್‌ನಲ್ಲಿರುವುದು ಮೂಲ ಪ್ರತಿಗೆ ಸಮ. ಚಾಟ್ ಮಾತ್ರ ಬೇರೆ ವಿಷಯ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲಿಂದೀಚೆಗೆ ಖಾಸಗಿತನಕ್ಕೆ ಸರ್ಕಾರ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು. ಗುಬ್ಬಿಗೆ ಬ್ರಹ್ಮಾಸ್ತ್ರ ಬಿಡುವಂತಿಲ್ಲ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್, ಮೊಬೈಲ್ ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತಿದ್ದರೆ ಅಧಿಕಾರಿ ಕಾರಣ ಬರೆದಿಟ್ಟು ಶೋಧಿಸಬೇಕು ಎಂದಿದೆ. ಪ್ರಕರಣ ದಾಖಲಾಗಿ ತನಿಖೆ ನಡೆಯುತ್ತಿದ್ದರೆ ಪಾಸ್‌ವರ್ಡ್ ಕೊಡಿ ಎಂದು ನ್ಯಾಯಾಲಯ ನಿರ್ದೇಶಿಸಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಆದರೆ ರಸ್ತೆಯಲ್ಲಿ ಗಾಡಿ ತಡೆದು ಸುಮ್ಮನೆ ಚಾಟ್ ಜಾಲಾಡುವುದಕ್ಕೆ ಯಾವ ಕಲಮೂ ಇಲ್ಲ. ಲಾಕ್ ನೀವಾಗಿಯೇ ತೆಗೆದುಕೊಟ್ಟರೆ ಅದು ನಿಮ್ಮ ಒಪ್ಪಿಗೆ ಎಂದಾಗುತ್ತದೆ. ‘ಸರ್, ಯಾವ ಪ್ರಕರಣದಲ್ಲಿ? ಬರಹದಲ್ಲಿ ಕೊಡಿ, ಠಾಣೆಗೇ ಬಂದು ತೋರಿಸುತ್ತೇನೆ’ ಎನ್ನಿ. ದನಿ ಏರಿಸಬೇಡಿ, ಫೋನ್ ಕಿತ್ತುಕೊಂಡರೆ ಎಳೆದಾಡಬೇಡಿ. ಎದೆಯ ಮೇಲಿನ ನಾಮಫಲಕ, ಗಾಡಿಯ ನಂಬರ್, ಗಂಟೆ ನೆನಪಿಟ್ಟುಕೊಂಡು ಮಾರನೆಯ ದಿನ ಡಿಸಿಪಿ ಕಚೇರಿಗೆ ದೂರು ಬರೆಯಿರಿ.

ಪ್ರಶ್ನೆ: ಕುಡಿಯುವ ನೀರಿಗಾಗಿ ಧರಣಿ ಮಾಡಬೇಕೆಂದಿದ್ದೆವು. ಹಿಂದಿನ ರಾತ್ರಿ ನಿಷೇಧಾಜ್ಞೆ ಹಾಕಿದರು. ಇದನ್ನು ಪ್ರಶ್ನಿಸಬಹುದೇ? (ನಾಗರಿಕ ವೇದಿಕೆಯ ಸದಸ್ಯರು, ವಿಜಯಪುರ)

ಉತ್ತರ: ಪ್ರಶ್ನಿಸಬಹುದು. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದದ್ದು ಈಗ ಬಿಎನ್‌ಎಸ್‌ಎಸ್‌ನ 163. ಗಲಭೆ, ಪ್ರಾಣಹಾನಿಯ ಭಯ ಇದ್ದಾಗ ತಕ್ಷಣ ತಡೆಯಲು ಇರುವ ಅಧಿಕಾರ ಇದು, ಬೇಕಾದದ್ದೇ. ಆದರೆ ನೀರು ಕೇಳುವವರ ಬಾಯಿ ಕಟ್ಟಲು ಅಲ್ಲ. 2020ರ ಜನವರಿ 10ರ ಅನುರಾಧಾ ಭಸೀನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ, ಆದೇಶದಲ್ಲಿ ಆಧಾರದ ಸಂಗತಿಗಳು ಇರಬೇಕು, ಅದನ್ನು ಪ್ರಕಟಿಸಬೇಕು, ನ್ಯಾಯವಾದ ಅಭಿಪ್ರಾಯ ಹತ್ತಿಕ್ಕಲು ಬಳಸಬಾರದು ಎಂದಿದೆ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ನಮ್ಮ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರಿದ್ದ ಪೀಠ 2020ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು.

ಆದೇಶದ ಪ್ರತಿ ತೆಗೆದುಕೊಂಡು ಓದಿ. ಯಾವ ಬೀದಿ, ಯಾವ ಗಂಟೆಯಿಂದ ಯಾವ ಗಂಟೆ, ಯಾವ ಘಟನೆಯ ಆಧಾರ? ‘ಶಾಂತಿ ಭಂಗವಾಗುವ ಸಂಭವ ಇರುವುದರಿಂದ’ ಎಂಬ ಒಂದೇ ಸಾಲಿದ್ದರೆ ಆದೇಶ ಪೊಳ್ಳು. ಅದನ್ನು ರದ್ದುಮಾಡಿ ಅಥವಾ ಬದಲಿಸಿ ಎಂದು ಆದೇಶ ಮಾಡಿದ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಹಾಕುವ ಅವಕಾಶ 163ರಲ್ಲೇ ಇದೆ. ಅವರು ಬೇಗ ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಈ ಬಾಗಿಲು ತಟ್ಟುವವರು ಕಡಿಮೆ. ತಟ್ಟಿದರೆ ಹೈಕೋರ್ಟಿಗೆ ಹೋಗುವಾಗ ಕೈಯಲ್ಲಿ ಒಂದು ಹಿಂಬರಹವಾದರೂ ಇರುತ್ತದೆ. ಇಂಥ ಆದೇಶಕ್ಕೆ ಎರಡು ತಿಂಗಳ ಮಿತಿಯಿದೆ. ರಾಜ್ಯ ಸರ್ಕಾರ ಮಾತ್ರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು.

ಜೊತೆಗೆ ಇಂಟರ್ನೆಟ್ ಕಡಿದರೆ ಅದು ಬೇರೆಯೇ ಆದೇಶ. ಅದನ್ನು ಜಿಲ್ಲಾಧಿಕಾರಿ ತಾವಾಗಿ ಮಾಡುವಂತಿಲ್ಲ. 2024ರ ನಿಯಮಗಳಂತೆ ರಾಜ್ಯದಲ್ಲಿ ಆ ಅಧಿಕಾರ ಗೃಹ ಇಲಾಖೆಯ ಕಾರ್ಯದರ್ಶಿಯದು. ಒಂದು ಆದೇಶ 15 ದಿನ ಮೀರುವಂತಿಲ್ಲ, ಐದು ದಿನದೊಳಗೆ ಪರಿಶೀಲನಾ ಸಮಿತಿ ನೋಡಬೇಕು.

ಪ್ರಶ್ನೆ: ಪ್ರಮಾಣಪತ್ರಕ್ಕೆ ಹೋದಾಗ ಯಾವುದೋ ನಿಧಿಗೆ ದೇಣಿಗೆಯ ಸ್ಟಿಕ್ಕರ್ ಕೊಂಡರೇ ಅರ್ಜಿ ತಗೊಳ್ಳುವುದು ಎನ್ನುತ್ತಾರೆ. (ಓದುಗರು, ಚಿತ್ರದುರ್ಗ)

ಉತ್ತರ: ದೇಣಿಗೆ ಇಷ್ಟವಿದ್ದರೆ ಕೊಡುವುದು. ಸಂವಿಧಾನದ 265ನೇ ವಿಧಿಯಂತೆ ಕಾನೂನಿಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ. ‘ಇದು ಕಡ್ಡಾಯ ಎನ್ನುವ ಆದೇಶದ ಪ್ರತಿ ಕೊಡಿ’ ಎನ್ನಿ. ಸಾಮಾನ್ಯವಾಗಿ ಅಷ್ಟಕ್ಕೇ ಅರ್ಜಿ ಒಳಗೆ ಹೋಗುತ್ತದೆ.

ಪ್ರಶ್ನೆ: ರಾಜ್ಯ ಸರ್ಕಾರವನ್ನೇ ಕೇಂದ್ರ ವಜಾ ಮಾಡಬಹುದಾದರೆ ನಮ್ಮ ಮತಕ್ಕೆ ಏನು ಬೆಲೆ? ಬೊಮ್ಮಾಯಿ ಪ್ರಕರಣ ಎಂದರೇನು? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವತಿ, ಕಲಬುರಗಿ)

ಉತ್ತರ: ಸರ್ಕಾರದ ಅಧಿಕಾರಕ್ಕೆ ಮಿತಿ ನಾಗರಿಕನ ಎದುರು ಮಾತ್ರವಲ್ಲ, ಇನ್ನೊಂದು ಸರ್ಕಾರದ ಎದುರೂ ಇದೆ. ಅದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ರಾಜ್ಯದ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಶಾಸಕರೊಬ್ಬರು 19 ಮಂದಿಯ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಿ, ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹೋಗಿದೆ ಎಂದರು. ರಾಜ್ಯಪಾಲರು 19ರಂದು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನವೇ ಆ 19ರಲ್ಲಿ ಏಳು ಜನ, ತಮ್ಮ ಸಹಿ ದಾರಿ ತಪ್ಪಿಸಿ ಪಡೆದದ್ದು ಎಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿಯವರು ಕೇಳಿದರೂ ಅವಕಾಶ ಸಿಗಲಿಲ್ಲ. 21ರಂದು ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು.

ಹೈಕೋರ್ಟಿನಲ್ಲಿ ಅವರ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕ ಎಂದಿತು. ಬಹುಮತವನ್ನು ಅಳೆಯುವ ಜಾಗ ರಾಜಭವನವಲ್ಲ, ಸದನ. ರಾಷ್ಟ್ರಪತಿಗಳ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು, ಅದಕ್ಕೆ ಆಧಾರವಾದ ದಾಖಲೆ ತನ್ನಿ ಎನ್ನಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಪರೀಕ್ಷೆಯಲ್ಲಿ ಹಲವರು ತಪ್ಪುವುದು ಇಲ್ಲಿ: ಅದೇ ತೀರ್ಪು ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ವಜಾಗಳು ತಪ್ಪೆಂದಿತು, ಆದರೆ 1992ರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ವಜಾಗಳನ್ನು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂಬುದು ಅದಕ್ಕೆ ಕೊಟ್ಟ ಕಾರಣ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆದರೆ ಈಚಿನ ವರ್ಷಗಳಲ್ಲಿ ಯಾವ ರಾಜ್ಯದಲ್ಲಿ ಬಹುಮತದ ಜಗಳ ಎದ್ದರೂ ನ್ಯಾಯಾಲಯ ಮೊದಲು ಹೇಳುವುದು ‘ಸದನದಲ್ಲಿ ಸಾಬೀತು ಮಾಡಿ’ ಎಂದೇ.

ಪ್ರಶ್ನೆ: ಅಧಿಕಾರ ಚಲಾಯಿಸುವುದಕ್ಕಿಂತ ಏನೂ ಮಾಡದೆ ಕೂರುವುದೇ ನಮ್ಮ ಕಚೇರಿಗಳ ರೋಗ. ದೂರು ಕೊಟ್ಟರೆ ಎಫ್‌ಐಆರ್ ಇಲ್ಲ, ಅರ್ಜಿ ಕೊಟ್ಟರೆ ಉತ್ತರವಿಲ್ಲ. (ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ)

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ಸರಿ ಮೇಷ್ಟ್ರೇ. ಮಾಡಬೇಕಾದದ್ದನ್ನು ಮಾಡದಿರುವುದೂ ಅಧಿಕಾರದ ದುರ್ಬಳಕೆಯೇ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಬಿಎನ್‌ಎಸ್‌ಎಸ್ 173(4)ರಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ, ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಸ್‌ಪಿಗೆ ಕಳಿಸಿದ ಅಂಚೆ ರಸೀದಿ ಇಲ್ಲದೆ ಹೋದವರನ್ನು ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು, ಆದರೆ ಅದು 14 ದಿನದಲ್ಲಿ ಮುಗಿಯಬೇಕು. ‘ವಿಚಾರಣೆಯಲ್ಲಿದೆ’ ಎಂದು ತಿಂಗಳುಗಟ್ಟಲೆ ಎಳೆಯುವಂತಿಲ್ಲ.

ಕಚೇರಿಯ ಅರ್ಜಿಗಳಿಗೆ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬಂತು. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ಕೆಲಸದ ದಿನ ಎಂದು ಗಡುವಿದೆ. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ ಒಟ್ಟು 500 ರೂಪಾಯಿವರೆಗೆ ನಿಮಗೆ ಕೊಡಬೇಕು. ಆ ದುಡ್ಡು ಖಜಾನೆಯದಲ್ಲ, ತಡ ಮಾಡಿದವರ ಸಂಬಳದಿಂದ ಕಡಿಯುವಂಥದ್ದು. ಗಡುವು ಮುಗಿದ ಅಥವಾ ತಿರಸ್ಕಾರವಾದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ಎಡವಟ್ಟಾಗುವುದು ಕೌಂಟರಿನಲ್ಲಿ. ಅರ್ಜಿ ತೆಗೆದುಕೊಂಡು ‘ನಾಳೆ ಎಂಟ್ರಿ ಮಾಡ್ತೀವಿ, ಹೋಗಿ’ ಎನ್ನುತ್ತಾರೆ. ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲದಲ್ಲಿ ನಿಮ್ಮ ಅರ್ಜಿಯ ಸಂಖ್ಯೆ, ಹುಟ್ಟದೆ ಗಡುವಿನ ಗಡಿಯಾರ ಓಡುವುದಿಲ್ಲ. 15 ಅಂಕಿಯ ಆ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ಸಕಾಲದ ಪಟ್ಟಿಯಲ್ಲಿಲ್ಲದ ವಿಷಯವಾದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಇಂಥ ತಾರೀಕಿನ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ಆ ಹಾಳೆಗಳಲ್ಲೇ ಇರುತ್ತದೆ.